ಹಿಂಬದಿ ಗ್ಯಾಲಿಯ ವಾಸನೆ ಮತ್ತು ಆಮೇಲಿನ ತಿಂಗಳುಗಳು

ಕ್ಯಾಬಿನ್ ಸಿಬ್ಬಂದಿಯ ತರಬೇತಿಯಲ್ಲಿ ಹೊಗೆಗೆ ಇಡೀ ಒಂದು ದಿನ ಮೀಸಲು. ಕತ್ತಲೆ ಕೋಣೆಗೆ ಕೃತಕ ಹೊಗೆ ಬಿಟ್ಟು, ತಲೆ ಪೂರ್ತಿ ಮುಚ್ಚುವ ಉಸಿರಾಟದ ಮುಸುಕು ಹಾಕಿಸಿ, ತಡಕಾಡುತ್ತಾ ಬೆಂಕಿಯ ಮೂಲ ಹುಡುಕುವುದನ್ನು ಕಲಿಸುತ್ತಾರೆ. ವಾಸನೆಗೆ ಸಿಕ್ಕಿದ್ದು ಮಾತ್ರ ಒಂದೇ ಸ್ಲೈಡ್. ಅಸಹಜ ವಾಸನೆ ಬಂದರೆ ಕ್ಯಾಪ್ಟನ್‌ಗೆ ತಿಳಿಸಿ ಎಂದು ಅದರಲ್ಲಿತ್ತು. ತಿಳಿಸಿದ ಮೇಲೆ ನಮ್ಮ ದೇಹಕ್ಕೆ ಏನಾಗಬಹುದು, ಇಳಿದ ಮೇಲೆ ಯಾವ ಆಸ್ಪತ್ರೆಗೆ ಹೋಗಿ ಏನೆಂದು ಕೇಳಬೇಕು ಎಂಬುದು ಅಲ್ಲಿರಲಿಲ್ಲ. ಅದನ್ನು ನಾನು ಕಲಿತದ್ದು ನನ್ನ ಮೇಲೇ ಬಂದಾಗ. ಈ ಕೆಲಸದಲ್ಲಿರುವ, ಸೇರಲಿರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಉತ್ತರದ ಒಂದು ನಗರದಿಂದ ಬೆಂಗಳೂರಿಗೆ ಬರುವ ಸಂಜೆಯ ವಿಮಾನ. ಊಟದ ಗಾಡಿಗಳನ್ನು ಒಳಗೆ ಸೇರಿಸಿ ಬೀಗ ಹಾಕಿ ಆಗಿತ್ತು. ಎಂಜಿನ್‌ಗಳ ಸದ್ದು ಇಳಿದು ವಿಮಾನ ಕೆಳಮುಖವಾದ ಹೊತ್ತಿಗೆ ಹಿಂಬದಿ ಗ್ಯಾಲಿಯಲ್ಲಿ, ಅಂದರೆ ಬಾಲದ ಕಡೆಯ ಪುಟ್ಟ ಅಡುಗೆಮನೆಯಲ್ಲಿ, ವಾಸನೆ ಬಂತು. ದಿನಗಟ್ಟಲೆ ಒಗೆಯದ ಸಾಕ್ಸ್, ಅದರ ಅಡಿಯಲ್ಲಿ ಕಾದ ಎಣ್ಣೆಯ ಕಮಟು. ಶೌಚಾಲಯ ನೋಡಿದೆವು, ಓವನ್ ನೋಡಿದೆವು, ಕಸದ ಡಬ್ಬಿ ತೆರೆದು ನೋಡಿದೆವು. ಎಲ್ಲಿಯೂ ಏನೂ ಇಲ್ಲ. ವಾಸನೆ ಮಾತ್ರ ಮೇಲಿನ ಗಾಳಿಕಂಡಿಯಿಂದ ಬರುತ್ತಲೇ ಇತ್ತು. ಕೊನೆಯ ಸಾಲುಗಳಲ್ಲಿ ಒಬ್ಬ ತಾಯಿ ಮಗುವಿನ ಮೂಗಿಗೆ ದುಪಟ್ಟಾ ಹಿಡಿದಿದ್ದರು. ನನ್ನ ಜೊತೆ ಹಿಂದೆ ಇದ್ದ ಕೇರಳದ ಹುಡುಗಿ ಗಂಟಲು ಸುಡುತ್ತಿದೆ ಎಂದಳು. ನನಗೆ ನಾಲಿಗೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ರುಚಿ ಹತ್ತಿತ್ತು.

ಇಂಟರ್‌ಫೋನ್‌ನಲ್ಲಿ ಲೀಡ್‌ಗೆ, ಅಂದರೆ ಕ್ಯಾಬಿನ್ ಸಿಬ್ಬಂದಿಯ ಹಿರಿಯರಿಗೆ, ಹೇಳಿದೆ. ಅವರು ಮಂಗಳೂರಿನವರು, ಹಿಂದೆ ಕೊಲ್ಲಿ ದೇಶದ ವಿಮಾನಗಳಲ್ಲಿ ಬಹಳ ವರ್ಷ ದುಡಿದು ಬಂದವರು. "ಎಲ್ಲಿಂದ, ಎಷ್ಟು ಹೊತ್ತಿನಿಂದ, ಎಂಥ ವಾಸನೆ, ಮೂರನ್ನೂ ಹೇಳಿ" ಎಂದು ಕೇಳಿ ಅಷ್ಟನ್ನೂ ಕ್ಯಾಪ್ಟನ್‌ಗೆ ದಾಟಿಸಿದರು. ಪೈಲಟ್‌ಗಳಿಬ್ಬರೂ ಆಮ್ಲಜನಕದ ಮಾಸ್ಕ್ ಹಾಕಿಕೊಂಡು, ಚೆಕ್‌ಲಿಸ್ಟ್ ಮುಗಿಸಿ, ಆದ್ಯತೆಯ ಇಳಿದಾಣ ಕೇಳಿದರು ಎಂದು ನಮಗೆ ಆಮೇಲೆ ತಿಳಿಯಿತು. ನಮಗೆ ಹಾಗೆ ಹಾಕಿಕೊಳ್ಳಲು ಏನಿದೆ? ಮುಸುಕು ಇರುವುದು ಬೆಂಕಿ ಆರಿಸುವುದಕ್ಕೆ, ಅದರ ಆಯುಸ್ಸು ಸುಮಾರು 15 ನಿಮಿಷ. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಹಳದಿ ಮಾಸ್ಕ್ ಕ್ಯಾಬಿನ್ನಿನ ಗಾಳಿಯನ್ನೇ ಆಮ್ಲಜನಕದೊಂದಿಗೆ ಬೆರೆಸಿ ಕೊಡುತ್ತದೆ. ಗಾಳಿಯೇ ಕೆಟ್ಟಿರುವಾಗ ಅದರಿಂದ ರಕ್ಷಣೆ ಇಲ್ಲ.

ವಿಮಾನ ನಿಂತ ಮೇಲೆ ಬಾಗಿಲಿನ ಮುಂದೆ ನಿಂತೆ. ತುರ್ತು ಜಾರುಬಂಡೆ ತೆರೆದುಕೊಳ್ಳದಂತೆ ಲಿವರ್ ಬದಲಿಸಿ, ಎದುರಿನ ಬಾಗಿಲನ್ನು ಪರಸ್ಪರ ಪರೀಕ್ಷಿಸಿ, ಮುಂದಕ್ಕೆ ವರದಿ ಕೊಡಬೇಕು. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಕೈ ತಾನಾಗಿ ಮಾಡುವ ಕೆಲಸ ಅದು. ಅವತ್ತು ಲಿವರಿನ ಪಕ್ಕದ ಬರಹವನ್ನು ಓದಿದೆ, ಅರ್ಥವಾಗಲಿಲ್ಲ, ಮತ್ತೆ ಓದಿದೆ. ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು. ಎದುರು ಬಾಗಿಲಿನಲ್ಲಿದ್ದ ಹುಡುಗಿಯೂ ನನ್ನಂತೆಯೇ ಲಿವರ್ ನೋಡುತ್ತಾ ನಿಂತಿದ್ದಳು. ಇಬ್ಬರೂ ಬಾಯಿಬಿಟ್ಟು ಒಂದೊಂದೇ ಹೆಜ್ಜೆ ಹೇಳಿಕೊಳ್ಳುತ್ತಾ ಮುಗಿಸಿದೆವು. ತಲೆನೋವಿಗಿಂತ, ಕೆಮ್ಮಿಗಿಂತ ನನ್ನನ್ನು ಹೆದರಿಸಿದ್ದು ಆ ಮಂಕು. ಅದೇ ಹೊತ್ತಿನಲ್ಲಿ ಬೆಂಕಿ ಹತ್ತಿದ್ದರೆ ಅಷ್ಟು ಜನರನ್ನು ಇಳಿಸಬೇಕಾದವರು ನಾವು.

ಪ್ರಯಾಣಿಕರೆಲ್ಲ ಇಳಿದ ಮೇಲೆ ಲೀಡ್ ನಮ್ಮನ್ನು ಮುಂದಿನ ಸಾಲಿನಲ್ಲಿ ಬೇರೆ ಬೇರೆಯಾಗಿ ಕೂರಿಸಿದರು. "ಒಬ್ಬರಿಗೊಬ್ಬರು ಮಾತಾಡುವ ಮೊದಲು ಬರೆಯಿರಿ. ಮಾತಾಡಿದ ಮೇಲೆ ಬರೆದರೆ ಎಲ್ಲರದೂ ಒಂದೇ ಕಥೆ ಆಗಿಬಿಡುತ್ತದೆ, ಯಾರೂ ನಂಬುವುದಿಲ್ಲ" ಎಂದರು. ವಾಸನೆ ಶುರುವಾದ ಹೊತ್ತು, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ, ದೇಹಕ್ಕೆ ಏನೇನಾಯಿತು, ಯಾವ ಸಾಲಿನ ಪ್ರಯಾಣಿಕರು ದೂರಿದರು, ಎಲ್ಲವನ್ನೂ ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದು ಸಹಿ ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆವು. ಕ್ಯಾಬಿನ್ ಲಾಗ್ ಪುಸ್ತಕದಲ್ಲಿಯೂ ನಮೂದಾಯಿತು. ಎಂಜಿನಿಯರ್ ಬರುವಷ್ಟರಲ್ಲಿ ಬಾಗಿಲುಗಳು ತೆರೆದು ಬಹಳ ಹೊತ್ತಾಗಿತ್ತು, ದೇವನಹಳ್ಳಿಯ ತಂಗಾಳಿ ಒಳಗೆಲ್ಲ ಆಡಿತ್ತು. ಅವರು ಮೂಗು ಅರಳಿಸಿ ಹಿಂದಿನಿಂದ ಮುಂದಕ್ಕೆ ನಡೆದು, "ನನಗೇನೂ ಬರುತ್ತಿಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಅಲ್ಲಿ ಆಗ ವಾಸನೆ ಇರಲಿಲ್ಲ.

ನಿಲ್ದಾಣದ ವೈದ್ಯಕೀಯ ಕೋಣೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ಸರಿಯಿದೆ, ಮನೆಗೆ ಹೋಗಿ ಮಲಗಿ ಎಂದರು. ಲೀಡ್ ಒಪ್ಪಲಿಲ್ಲ. ಆ ಸಾಮಾನ್ಯ ಕ್ಲಿಪ್‌ಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಕೆಂಪಾಗಿಯೇ ಕಾಣುತ್ತವೆ. ರಕ್ತವನ್ನೇ ತೆಗೆದು ನೋಡಬೇಕು, ಅದೂ ಬೇಗ ನೋಡಬೇಕು, ಏಕೆಂದರೆ ಹೊರಗಿನ ಗಾಳಿ ಉಸಿರಾಡುತ್ತಿದ್ದರೆ ಆ ಅನಿಲ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅವರು ತಮ್ಮ ಬ್ಯಾಗಿನಿಂದ ಒಂದು ಹಾಳೆ ತೆಗೆದು, ಮೂರು ಪರೀಕ್ಷೆಗಳ ಹೆಸರನ್ನು ನನ್ನ ಅಂಗೈ ಮೇಲೆ ಬರೆದರು: ಕಾರ್ಬಾಕ್ಸಿಹಿಮೋಗ್ಲೋಬಿನ್, ಕೋಲಿನೆಸ್ಟರೇಸ್, ಮೂತ್ರದ ಮಾದರಿ. ಮೊದಲನೆಯದು ರಕ್ತದಲ್ಲಿ ಸೇರಿದ ಕಾರ್ಬನ್ ಮೊನಾಕ್ಸೈಡ್ ಎಷ್ಟೆಂದು ಹೇಳುತ್ತದೆ, ಎರಡನೆಯದು ನರಗಳ ಕೆಲಸಕ್ಕೆ ಬೇಕಾದ, ಕೆಲವು ವಿಷಗಳಿಂದ ಕುಗ್ಗುವ ಒಂದು ಕಿಣ್ವದ ಮಟ್ಟವನ್ನು. ಅಲ್ಲಿಂದ ನಾನೂ ಕೇರಳದ ಹುಡುಗಿಯೂ ನೇರವಾಗಿ ಬಳ್ಳಾರಿ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು.

ಅಲ್ಲಿನ ವೈದ್ಯರು ರಾಯಚೂರು ಕಡೆ ಕೆಲಸ ಮಾಡಿ ಬಂದವರು. ಕೋಲಿನೆಸ್ಟರೇಸ್ ಎಂಬ ಮಾತು ಕೇಳಿದ್ದೇ ತಡ, ನನ್ನ ಸಮವಸ್ತ್ರವನ್ನು ಇನ್ನೊಮ್ಮೆ ನೋಡಿ, "ನಿಮ್ಮದು ಹೊಲ ಇದೆಯೇನಮ್ಮಾ? ಔಷಧಿ ಹೊಡೆಯುವಾಗ ಹತ್ತಿರ ಇದ್ದಿರಾ?" ಎಂದು ಕೇಳಿದರು. ಅವರ ಪ್ರಶ್ನೆ ಸಹಜ. ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಆ ಪರೀಕ್ಷೆ ನಡೆಯುವುದು ಹತ್ತಿ, ಭತ್ತಕ್ಕೆ ಕೀಟನಾಶಕ ಸಿಂಪಡಿಸಿ ಕುಸಿದು ಬಿದ್ದವರಿಗೆ, ಇಲ್ಲವೇ ಅದನ್ನೇ ಕುಡಿದವರಿಗೆ. ಆ ಕೀಟನಾಶಕಗಳು ಆರ್ಗನೋಫಾಸ್ಫೇಟ್ ಎಂಬ ರಾಸಾಯನಿಕ ಕುಲದವು. ಜೆಟ್ ಎಂಜಿನ್ನಿನ ಎಣ್ಣೆಗೆ ಸವೆತ ತಡೆಯಲೆಂದು ಬೆರೆಸುವ ಟ್ರೈಕ್ರೆಸಿಲ್ ಫಾಸ್ಫೇಟ್ ಕೂಡ ಅದೇ ಕುಲದ್ದು, ಎಣ್ಣೆಯಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇ. 3ರ ಆಸುಪಾಸು. ಕುಲ ಒಂದೇ ಆದರೂ ಸ್ವಭಾವ ಒಂದೇ ಅಲ್ಲ ಎಂದು ಆ ವೈದ್ಯರೇ ನನಗೆ ಬಿಡಿಸಿ ಹೇಳಿದರು. ವಿಮಾನದ ವಾಸನೆಗೆ ಈ ಪರೀಕ್ಷೆ ಬರೆದದ್ದು ಅವರಿಗೂ ಅದೇ ಮೊದಲು. ಬರೆಯಲು ಹಿಂಜರಿಯಲಿಲ್ಲ, ಅದಕ್ಕೆ ನಾನು ಋಣಿ.

ಮರುದಿನ ಊರಿಗೆ ಫೋನ್ ಮಾಡಿದೆ. ನಮ್ಮದು ಭದ್ರಾ ಕಾಲುವೆಯ ನೀರುಣ್ಣುವ ಗದ್ದೆ, ಹರಿಹರದ ಹತ್ತಿರ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಔಷಧಿ ಹೊಡೆಯುವಾಗ ಗಾಳಿಗೆ ಎದುರು ನಿಲ್ಲಬಾರದು ಎಂದು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದೆನಲ್ಲ ಮಗಳೇ. ವಿಮಾನದಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ?" ಎಂದರು.

ಎಂಜಿನ್ನಿನಿಂದ ಬರುತ್ತದೆ ಎಂದೆ. ಅಪ್ಪನಿಗೆ ನಂಬಿಕೆಯಾಗಲಿಲ್ಲ, ಬಹುತೇಕ ಪ್ರಯಾಣಿಕರಿಗೂ ಇದು ಗೊತ್ತಿಲ್ಲ. ಎಂಜಿನ್ ಹೊರಗಿನ ತೆಳು ಗಾಳಿಯನ್ನು ಎಳೆದುಕೊಂಡು ಕಂಪ್ರೆಸರ್‌ನಲ್ಲಿ ಒತ್ತುತ್ತದೆ. ಇಂಧನ ಬೆರೆತು ಉರಿಯುವ ಮೊದಲೇ ಆ ಬಿಸಿ ಗಾಳಿಯ ಒಂದು ಪಾಲನ್ನು ಕೊಳವೆಯಿಂದ ತೆಗೆದು, ಪ್ಯಾಕ್ ಎನ್ನುವ ಯಂತ್ರಗಳಲ್ಲಿ ತಂಪು ಮಾಡಿ ಕ್ಯಾಬಿನ್‌ಗೆ ಬಿಡುತ್ತಾರೆ. ಇದೇ ಬ್ಲೀಡ್ ಏರ್. ವಿಮಾನ ನಿಲ್ದಾಣದಲ್ಲಿ ನಿಂತಿರುವಾಗ ಬಾಲದಲ್ಲಿರುವ ಎಪಿಯು ಎಂಬ ಪುಟ್ಟ ಎಂಜಿನ್ ಈ ಕೆಲಸ ಮಾಡುತ್ತದೆ. ಎಂಜಿನ್ನಿನ ಬೇರಿಂಗ್‌ಗಳಿಗೆ ಎಣ್ಣೆ ಬೇಕೇ ಬೇಕು. ಆ ಎಣ್ಣೆ ಗಾಳಿಯ ದಾರಿಗೆ ಬಾರದಂತೆ ಸೀಲ್‌ಗಳು ತಡೆಯುತ್ತವೆ, ಮತ್ತು ಸೀಲ್‌ಗಳನ್ನು ಬಿಗಿಯಾಗಿಡುವುದು ಗಾಳಿಯ ಒತ್ತಡವೇ. ಎಂಜಿನ್ ಹೊತ್ತಿಸುವಾಗ, ಶಕ್ತಿ ಏರಿಸಿ ಇಳಿಸುವಾಗ, ಕೆಳಗಿಳಿಯಲು ಆರಂಭಿಸುವಾಗ ಆ ಒತ್ತಡ ಏರುಪೇರಾಗುತ್ತದೆ. ಸವೆದ ಸೀಲ್ ಇದ್ದರೆ ಎಣ್ಣೆ ಜಿನುಗುವುದು ಆಗಲೇ. ಕ್ಯಾಬಿನ್ ಗಾಳಿಯ ಸುಮಾರು ಅರ್ಧ ಭಾಗ ಮರುಬಳಕೆಯದು, ಅದು ಹೆಪಾ ಫಿಲ್ಟರ್ ಮೂಲಕ ಹಾದು ಬರುತ್ತದೆ; ಧೂಳು, ರೋಗಾಣುಗಳನ್ನು ಆ ಫಿಲ್ಟರ್ ಚೆನ್ನಾಗಿಯೇ ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಉಳಿದರ್ಧ, ಎಂಜಿನ್ನಿನಿಂದ ಬಂದದ್ದು, ಹೆಚ್ಚಿನ ವಿಮಾನಗಳಲ್ಲಿ ಯಾವ ಫಿಲ್ಟರನ್ನೂ ಕಾಣದೆ ನೇರವಾಗಿ ಒಳಗೆ ಬರುತ್ತದೆ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಇದಕ್ಕೆ ಅಪವಾದ. ಅದರಲ್ಲಿ ವಿದ್ಯುತ್ ಕಂಪ್ರೆಸರ್‌ಗಳು ಹೊರಗಿನ ಗಾಳಿಯನ್ನು ಪ್ರತ್ಯೇಕವಾಗಿ ತರುತ್ತವೆ. ಅಂದರೆ ಬೇರೆ ದಾರಿ ಇದೆ ಎಂಬುದು ಸಾಬೀತಾಗಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿ ಕೆಟ್ಟಿದೆ ಎಂದು ತೋರಿಸುವ ಯಂತ್ರ ಇರುತ್ತದಲ್ಲ?" ಎಂದರು. ಇರುವುದಿಲ್ಲ. ಕ್ಯಾಬಿನ್ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ 20,000 ಭಾಗಕ್ಕೆ ಒಂದು ಭಾಗ ಮೀರಬಾರದು ಎಂದು ಅಮೆರಿಕದ ವಿಮಾನ ವಿನ್ಯಾಸದ ನಿಯಮದಲ್ಲಿ ಬರೆದಿದೆ. ಹಾರುವಾಗ ಅದನ್ನು ಅಳೆಯುತ್ತಲೇ ಇರಬೇಕು ಎಂಬ ಕಡ್ಡಾಯ ಇಲ್ಲ. ಅಳೆಯುವ ಸಾಧನ ನಮ್ಮ ಮೂಗು. ಆ ಸಂಜೆ ಹಿಂಬದಿ ಗ್ಯಾಲಿಯಲ್ಲಿ ಎಷ್ಟು ಆವಿ ಇತ್ತು ಎಂಬುದಕ್ಕೆ ಜಗತ್ತಿನಲ್ಲಿ ಯಾರ ಬಳಿಯೂ ಅಂಕಿ ಇಲ್ಲ.

ವರದಿಗಳು ಬಂದವು. ಕಾರ್ಬಾಕ್ಸಿಹಿಮೋಗ್ಲೋಬಿನ್ ಸಾಮಾನ್ಯ. ಆದರೆ ರಕ್ತ ಕೊಡುವ ಹೊತ್ತಿಗೆ ನಾವು ಹೊರಗಿನ ಗಾಳಿ ಉಸಿರಾಡಿ ಗಂಟೆಗಳೇ ಕಳೆದಿದ್ದವು. ಕೋಲಿನೆಸ್ಟರೇಸ್ ಕೂಡ ಸಾಮಾನ್ಯ ಮಿತಿಯ ಒಳಗೇ ಇತ್ತು, ಕೆಳಗಿನ ಅಂಚಿಗೆ ಹತ್ತಿರವಾಗಿ. ಆ ಮಿತಿಯನ್ನು ಒಮ್ಮೆ ನೋಡಿ: ವರದಿಯಲ್ಲಿ ಅಚ್ಚಾಗಿದ್ದದ್ದು ಸುಮಾರು 5,300ರಿಂದ 12,900. ಸಹಜವಾಗಿ 12,000 ಇರುವವರ ಅರ್ಧಕ್ಕರ್ಧ ಇಳಿದುಹೋದರೂ ಕಾಗದದ ಮೇಲೆ ಅವರು ಆರೋಗ್ಯವಂತರೇ. ನಿಮ್ಮ ಹಳೆಯ ವರದಿ ಇದ್ದರೆ ಹೋಲಿಸಿ ಹೇಳಬಹುದಿತ್ತು ಎಂದರು ವೈದ್ಯರು. ಯಾರ ಬಳಿ ಇರುತ್ತದೆ? ಉದ್ಯೋಗಕ್ಕೆ ಸೇರುವಾಗ ಎತ್ತರ, ತೂಕ, ಕಣ್ಣು, ಕಿವಿ ಎಲ್ಲ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿದಾಗ ನನ್ನದು ಗಮನಾರ್ಹವಾಗಿ ಏರಿತ್ತು. ಏರಿದ್ದರಿಂದ ಮೊದಲು ಇಳಿದಿತ್ತು ಎಂದು ಊಹಿಸಬಹುದು. ಪ್ರಯೋಗಾಲಯದ ಸಹಜ ಏರಿಳಿತವೂ ಇರಬಹುದು ಎಂದು ವೈದ್ಯರು ಎರಡನ್ನೂ ಬರೆದುಕೊಟ್ಟರು.

ಮೂತ್ರದ ಮಾದರಿಯ ಕಥೆ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಟ್ರೈಕ್ರೆಸಿಲ್ ಫಾಸ್ಫೇಟ್ ದೇಹದಲ್ಲಿ ಒಡೆದು ಉಳಿಯುವ ಕುರುಹುಗಳನ್ನು ಮೂತ್ರದಲ್ಲಿ ಹುಡುಕಬಹುದು, ಬೇಗ ಹಿಡಿದಿಟ್ಟರೆ ಮಾತ್ರ. ಜರ್ಮನಿಯಲ್ಲಿ ಇಂಥ ಪರೀಕ್ಷೆ ಮಾಡಿದ್ದಾರೆ. ಪ್ರಯೋಗಾಲಯದ ತಂತ್ರಜ್ಞರು ನಮ್ಮಿಬ್ಬರ ಬಾಟಲಿಗಳಿಗೆ ಹೆಸರು ಅಂಟಿಸಿ ಫ್ರೀಜರಿನಲ್ಲಿಟ್ಟರು. ಎಲ್ಲಿಗೆ ಕಳುಹಿಸುವುದು? ನಾನು ಹೈದರಾಬಾದ್, ಮುಂಬೈ, ದೆಹಲಿಯ ಪ್ರಯೋಗಾಲಯಗಳಿಗೆಲ್ಲ ಫೋನ್ ಮಾಡಿದೆ. ಈ ಕುರುಹನ್ನು ಹುಡುಕಿಕೊಡುತ್ತೇವೆ ಎಂದು ಯಾರೂ ಹೇಳಲಿಲ್ಲ. ವಿದೇಶಕ್ಕೆ ಕಳುಹಿಸಲು ಕಂಪನಿಯ ಪತ್ರ ಬೇಕೆಂದರು, ಕಂಪನಿ ಪರಿಶೀಲಿಸುತ್ತೇವೆ ಎಂದಿತು. ಕೊನೆಗೆ ಆಸ್ಪತ್ರೆಯವರು ಇನ್ನು ಇಟ್ಟುಕೊಳ್ಳಲಾಗದು ಎಂದು ತಿಳಿಸಿ ಬಾಟಲಿಗಳನ್ನು ವಿಲೇವಾರಿ ಮಾಡಿದರು. ನನ್ನ ದೇಹದೊಳಗೆ ಏನು ಹೋಗಿತ್ತು ಎಂದು ಹೇಳಬಲ್ಲ ಒಂದೇ ವಸ್ತು ಹಾಗೆ ಹೋಯಿತು.

ಇತ್ತ ಕಂಪನಿಯ ಸುರಕ್ಷತಾ ವರದಿ. ಆನ್‌ಲೈನ್ ಫಾರ್ಮಿನಲ್ಲಿ ವಾಸನೆಗೆ ಮೂರು ಆಯ್ಕೆ: ಸುಟ್ಟ ವಾಸನೆ, ವಿದ್ಯುತ್ ವಾಸನೆ, ಇತರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲೇ 344ನೇ ಸಂಖ್ಯೆಯ ಸುತ್ತೋಲೆ ಹೊರಡಿಸಿ, ಈ ವಾಸನೆಗಳನ್ನು ಗುರುತಿಸುವುದು, ವರದಿ ಮಾಡುವುದು ಹೇಗೆಂದು ಸಿಬ್ಬಂದಿಗೆ ಕಲಿಸಬೇಕು ಎಂದು ಹೇಳಿದೆ. ಕೊಳಕು ಸಾಕ್ಸ್ ವಾಸನೆ ಬಂದರೆ ಎಂಜಿನ್ ಎಣ್ಣೆಯನ್ನು ಶಂಕಿಸಬೇಕೆಂಬುದು ಅದರಲ್ಲಿದೆ. ಸುಮ್ಮನೆ ಗಲೀಜು ವಾಸನೆ ಎಂದು ಬರೆದರೆ ಶೌಚಾಲಯ ತೊಳೆಸಿ ಕಡತ ಮುಚ್ಚುತ್ತಾರೆ. ನಾನು 'ಇತರೆ' ಒತ್ತಿ, ಖಾಲಿ ಜಾಗದಲ್ಲಿ ಊಟದ ಪಟ್ಟಿಯ ಹಿಂದೆ ಬರೆದದ್ದನ್ನು ಅಕ್ಷರಶಃ ನಕಲಿಸಿದೆ, ಸುತ್ತೋಲೆಯ ಸಂಖ್ಯೆಯನ್ನೂ ಸೇರಿಸಿದೆ.

ಅಷ್ಟರಲ್ಲಿ ಆ ವಿಮಾನ ನೆಲದ ಮೇಲೆ ಪರೀಕ್ಷೆ ಮುಗಿಸಿ, 'ದೋಷ ಕಂಡುಬಂದಿಲ್ಲ' ಎಂಬ ಸಹಿಯೊಂದಿಗೆ ಮತ್ತೆ ಹಾರುತ್ತಿತ್ತು. ಸುರಕ್ಷತಾ ವಿಭಾಗದವರು ನನ್ನನ್ನು ಕರೆಸಿ ಸಾವಧಾನವಾಗಿ ಕೇಳಿದರು. ಆ ಅಧಿಕಾರಿ ಒಳ್ಳೆಯವರೇ. "ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ವರದಿಯಲ್ಲಿ ಬರೆಯಲು ನನ್ನ ಕೈಯಲ್ಲಿ ಒಂದು ಅಂಕಿಯೂ ಇಲ್ಲವಲ್ಲ" ಎಂದರು. ಅದೇ ವಿಮಾನದ ಹಳೆಯ ಲಾಗ್ ತೆಗೆಸಿ ನೋಡಿ ಎಂದು ನಾನು ಕೇಳಿದೆ. ತೆಗೆಸಿದರು. ಕೆಲವೇ ದಿನಗಳ ಹಿಂದೆ ಬೇರೆ ಸಿಬ್ಬಂದಿ ನೆಲದ ಮೇಲೆ 'ದುರ್ವಾಸನೆ' ಎಂದು ಒಂದೇ ಪದ ಬರೆದಿದ್ದರು. ಎಪಿಯುಗೆ ಎಣ್ಣೆ ತುಂಬಿದ ನಮೂದೂ ಅದರ ಹತ್ತಿರದಲ್ಲೇ ಇತ್ತು. ಮುಂದಿನ ನಿಗದಿತ ತಪಾಸಣೆಯಲ್ಲಿ ಎಪಿಯುವಿನ ಗಾಳಿದಾರಿಯಲ್ಲಿ ಎಣ್ಣೆಯ ಜಿಡ್ಡು ಸಿಕ್ಕಿತು.

ಇಷ್ಟಾದ ಮೇಲೆ ಎಲ್ಲ ಸುಲಭವಾಯಿತು ಎಂದುಕೊಂಡರೆ ಇಲ್ಲ. ವಿಮಾನ ಇಳಿಯುವಾಗ ಎಪಿಯು ಆರಿಸಿಯೇ ಇತ್ತು, ಗಾಳಿ ಬರುತ್ತಿದ್ದುದು ಮುಖ್ಯ ಎಂಜಿನ್‌ಗಳಿಂದ, ಆದ್ದರಿಂದ ಎರಡಕ್ಕೂ ಸಂಬಂಧವಿಲ್ಲ ಎಂದು ಆಡಳಿತ ವಿಭಾಗ ಬರೆಯಿತು. ನಮ್ಮ ಹಿರಿಯ ಎಂಜಿನಿಯರೊಬ್ಬರು ಇದಕ್ಕೆ ಕೊಟ್ಟ ಉತ್ತರ ನನಗೆ ಕಣ್ಣು ತೆರೆಸಿತು. ಸೋರಿದ ಎಣ್ಣೆ ಕೊಳವೆ ಮತ್ತು ಪ್ಯಾಕ್‌ಗಳ ಒಳಗೋಡೆಗೆ ಹತ್ತಿಕೊಂಡು ಉಳಿಯುತ್ತದೆ, ಒಗ್ಗರಣೆ ಸೌಟಿನ ಜಿಡ್ಡಿನ ಹಾಗೆ. ಮುಂದೆ ಎಂದೋ ಗಾಳಿಯ ಬಿಸಿ ಬದಲಾದಾಗ ಅದೇ ಮತ್ತೆ ಆವಿಯಾಗಿ ಏಳುತ್ತದೆ. ಇಳಿಯುವಾಗ ಎಂಜಿನ್ ಶಕ್ತಿ ತಗ್ಗುವುದರಿಂದ ಗಾಳಿಯನ್ನು ಹೆಚ್ಚು ಒತ್ತಡದ ಬೇರೆ ಹಂತದಿಂದ ತೆಗೆಯುವ ವ್ಯವಸ್ಥೆ ಇದೆ. ಬದಲಾವಣೆ ಆಗುವುದು ಅಲ್ಲೇ. ಅದಕ್ಕಾಗಿಯೇ ಸೋರಿಕೆ ಸರಿಪಡಿಸಿದ ಮೇಲೆ ಕೊಳವೆಗಳಲ್ಲಿ ಬಿಸಿ ಗಾಳಿ ಹಾಯಿಸಿ ಜಿಡ್ಡನ್ನು ಸುಟ್ಟು ತೆಗೆಯುವ ಕ್ರಮ ಇದೆ. ಅವರು ಇದನ್ನು ಬರವಣಿಗೆಯಲ್ಲಿ ಕೊಡಲು ಒಪ್ಪಿದರು. ಒಂದು ಪುಟದ ಆ ಟಿಪ್ಪಣಿಗೆ ನನ್ನ ಕಡತದಲ್ಲಿರುವ ವೈದ್ಯಕೀಯ ವರದಿಗಳೆಲ್ಲ ಸೇರಿದರೂ ಇಲ್ಲದ ಬೆಲೆ ಇದೆ.

ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಗೆ ಇದು ಗೊತ್ತಿಲ್ಲದ ವಿಷಯ ಎಂದು ಹೇಳಲಾಗದು. 2022ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೈದರಾಬಾದಿಗೆ ಬರುತ್ತಿದ್ದ ಕ್ಯೂ400 ವಿಮಾನದ ಕ್ಯಾಬಿನ್‌ನಲ್ಲಿ ಹೊಗೆ ತುಂಬಿದಾಗ, ಆ ಕಂಪನಿಯ ಅದೇ ಮಾದರಿಯ ಎಲ್ಲ ವಿಮಾನಗಳ ಎಂಜಿನ್ ಎಣ್ಣೆಯ ಮಾದರಿಯನ್ನು 15 ದಿನಕ್ಕೊಮ್ಮೆ ಎಂಜಿನ್ ತಯಾರಕರಿಗೆ ಕಳುಹಿಸಬೇಕು ಎಂದು ಡಿಜಿಸಿಎ ಆದೇಶಿಸಿತ್ತು. ಹೊಗೆ ಕಣ್ಣಿಗೆ ಕಂಡರೆ ಹೀಗೆ ಕೆಲಸ ನಡೆಯುತ್ತದೆ. ಕಾಣದ ಆವಿಗೂ ಅದೇ ಗಂಭೀರತೆ ಸಿಗಬೇಕು ಎಂಬುದೇ ನನ್ನ ಬೇಡಿಕೆ.

ವೈದ್ಯರ ಬಳಿ ಓಡಾಟ ಮುಂದುವರಿದಿತ್ತು. ಕೆಮ್ಮು ಹೋಗಿರಲಿಲ್ಲ, ಶ್ವಾಸಕೋಶದ ಪರೀಕ್ಷೆ ಮಾಡಿಸಿದೆ. ತಲೆಯ ಎಂಆರ್‌ಐನಲ್ಲಿ ಏನೂ ಇರಲಿಲ್ಲ. ನೆನಪಿನ ಶಕ್ತಿಯ ಪರೀಕ್ಷೆಯೇ ನನಗೆ ಹೆಚ್ಚು ಕಷ್ಟವಾದದ್ದು. ಮನಶ್ಶಾಸ್ತ್ರಜ್ಞೆ ಎದುರಿಗೆ ಕೂತು, ಅಂಕಿಗಳನ್ನು ಒಂದೊಂದಾಗಿ ಹೇಳಿ, ಹಿಂದುಮುಂದಾಗಿ ಹೇಳಿ ಎಂದರು. ನಾಲ್ಕು ಅಂಕಿಯವರೆಗೆ ಸರಾಗ. ಐದಕ್ಕೆ ಹೋದ ಕೂಡಲೇ ನಡುವಿನ ಅಂಕಿ ಜಾರಿಬಿಡುತ್ತಿತ್ತು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಆಮೇಲೆ ಬಾಯಿ ನಿಂತಿತು. ಅಂಗಡಿ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವಳು ನಾನು. ಅವರು "ಅವಸರವಿಲ್ಲ" ಎಂದು ನೀರು ಕೊಟ್ಟರು. ಕೆಲವು ತಿಂಗಳ ನಂತರ ಅದೇ ಪರೀಕ್ಷೆಯಲ್ಲಿ ನನ್ನ ಅಂಕ ಸುಧಾರಿಸಿತು. ಕೇರಳದ ಹುಡುಗಿಯದು ಅಷ್ಟಾಗಿ ಸುಧಾರಿಸಲಿಲ್ಲ. ಅವಳ ಕೈಬೆರಳುಗಳ ಜುಮ್ಮೂ ಹೋಗಲಿಲ್ಲ.

ಆ ಬಿಡುವಿನಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಇದರಲ್ಲಿ ಎರಡು ಕಡೆಯ ಮಾತೂ ಇದೆ, ಎರಡನ್ನೂ ಹೇಳುವುದು ನ್ಯಾಯ. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ ನೂರು ಹಾರಾಟಗಳಲ್ಲಿ ಗಾಳಿ ಅಳೆದು, ಮಾಲಿನ್ಯ ಮಿತಿ ಮೀರಿಲ್ಲ ಎಂದು 2011ರಲ್ಲಿ ಪ್ರಕಟಿಸಿತು. ಜರ್ಮನಿಯಲ್ಲಿ ವಾಸನೆಯ ದೂರು ಕೊಟ್ಟ 332 ಸಿಬ್ಬಂದಿಯ ಮೂತ್ರ ಪರೀಕ್ಷಿಸಿದಾಗ, ಟ್ರೈಕ್ರೆಸಿಲ್ ಫಾಸ್ಫೇಟಿನ ಅತ್ಯಂತ ವಿಷಕಾರಿ ರೂಪದ ಕುರುಹು ಯಾರಲ್ಲಿಯೂ ಸಿಗಲಿಲ್ಲ. ಕಂಪನಿಯ ವೈದ್ಯರು ಈ ಎರಡನ್ನೂ ನನಗೆ ತೋರಿಸಿದರು. ನಾನು ಮೊದಲನೆಯದನ್ನು ಪೂರ್ತಿ ಓದಿ ಅವರಿಗೆ ಮರಳಿ ತೋರಿಸಿದೆ: ಆ ನೂರು ಹಾರಾಟಗಳಲ್ಲಿ ಅಧಿಕೃತವಾಗಿ ವರದಿ ಮಾಡುವಂಥ ಆವಿಯ ಘಟನೆ ಒಂದೂ ಆಗಿರಲಿಲ್ಲ. ಏನೂ ಆಗದ ದಿನದ ಗಾಳಿ ಚೆನ್ನಾಗಿತ್ತು ಎಂಬುದು ಆದ ದಿನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ, ಅದನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು: ಬಿಸಿಯಾದ ಎಣ್ಣೆಯಿಂದ ಏಳುವ ಆವಿಯಲ್ಲಿ ಅದೊಂದೇ ಅಲ್ಲ, ಹತ್ತಾರು ಬೇರೆ ರಾಸಾಯನಿಕಗಳೂ ಇರುತ್ತವೆ, ಅವನ್ನು ಹುಡುಕಿದವರು ಎಷ್ಟು ಮಂದಿ?

ಟ್ರೈಕ್ರೆಸಿಲ್ ಫಾಸ್ಫೇಟ್ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದಂತೂ ವಿವಾದದ ವಿಷಯವಲ್ಲ. 1959ರಲ್ಲಿ ಮೊರಾಕ್ಕೊದ ಮೆಕ್ನೆಸ್‌ನಲ್ಲಿ ವಿಮಾನದ ಎಣ್ಣೆಯನ್ನು ಅಡುಗೆ ಎಣ್ಣೆಗೆ ಬೆರೆಸಿ ಮಾರಿದ್ದರಿಂದ ಸುಮಾರು 10,000 ಜನರ ಕೈಕಾಲು ಬಿದ್ದುಹೋದವು. ನಮ್ಮ ದೇಶದಲ್ಲೇ 1988ರಲ್ಲಿ ಕಲ್ಕತ್ತದ ಬೆಹಾಲಾದಲ್ಲಿ ಇದೇ ವಸ್ತು ಬೆರೆತ ಅಡುಗೆ ಎಣ್ಣೆ ತಿಂದ ನೂರಾರು ಜನ ಪಾರ್ಶ್ವವಾಯುವಿಗೆ ತುತ್ತಾದರು. ತಿಂದದ್ದಕ್ಕೂ ಉಸಿರಾಡಿದ್ದಕ್ಕೂ ಪ್ರಮಾಣದಲ್ಲಿ ಅಜಗಜಾಂತರ ಇದೆ, ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಇಂಥ ವಸ್ತುವನ್ನು ಬಳಸುವ ಯಂತ್ರದಿಂದ ಉಸಿರಾಟದ ಗಾಳಿ ತೆಗೆಯುವಾಗ ಅಳತೆಯ ಸಾಧನ ಇಡುವುದು ಕನಿಷ್ಠ ಎಚ್ಚರಿಕೆ.

ಆಸ್ಟ್ರೇಲಿಯಾದ ಗಗನಸಖಿ ಜೊಆನ್ ಟರ್ನರ್ ಅವರ ಪ್ರಕರಣ ನನಗೆ ದಾರಿ ತೋರಿಸಿತು. 1992ರಲ್ಲಿ ಬಿಎಇ 146 ವಿಮಾನವೊಂದರಲ್ಲಿ ಎಣ್ಣೆಯ ಹೊಗೆ ಕುಡಿದು ಅವರಿಗೆ ಬಿಡದ ಕೆಮ್ಮು ಹತ್ತಿತು. ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟದ್ದು 2009ರಲ್ಲಿ. ಕಂಪನಿಯ ಕಡೆಯ ಕೊನೆಯ ಮೇಲ್ಮನವಿಗೆ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2010ರಲ್ಲಿ ಅನುಮತಿ ನಿರಾಕರಿಸಿತು. 18 ವರ್ಷ. ಅವರು ಗೆದ್ದದ್ದು ಕೆಮ್ಮಿನ ಮೇಲೆ, ಅಂದರೆ ವೈದ್ಯರು ತೋರಿಸಬಲ್ಲ, ಅಳೆಯಬಲ್ಲ ಹಾನಿಯ ಮೇಲೆ. ನಮ್ಮ ವಕೀಲರೂ ಇದನ್ನೇ ಹೇಳಿದರು: "ನಿಮಗೆ ಏನನ್ನಿಸಿತು ಎಂಬುದನ್ನು ಕೊನೆಗೆ ಇಡೋಣ, ಏನು ದಾಖಲಾಗಿದೆ ಎಂಬುದನ್ನು ಮೊದಲು ಇಡೋಣ." 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ನಮ್ಮ 1923ರ ನೌಕರರ ಪರಿಹಾರ ಕಾಯ್ದೆಯ ಅಡಿಯಲ್ಲಿ ವಿಮಾನದ ಸಿಬ್ಬಂದಿಯೂ ಬರುತ್ತಿದ್ದರು, ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ರಂಜಕ ಮತ್ತು ಅದರ ವಿಷ ಸಂಯುಕ್ತಗಳಿಂದ ಬರುವ ರೋಗಗಳೂ ಇದ್ದವು, ಅರ್ಜಿಗೆ ಎರಡು ವರ್ಷದ ಗಡುವು ಇತ್ತು. ಇದು ನಮ್ಮ ಸಹೋದ್ಯೋಗಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ರಜೆಯನ್ನು ಮೊದಲು ಸಾಮಾನ್ಯ ಅನಾರೋಗ್ಯದ ರಜೆ ಎಂದು ಕಡಿದಿದ್ದರು. ಎಂಜಿನಿಯರರ ಟಿಪ್ಪಣಿ, ಹಳೆಯ ಲಾಗ್, ಎರಡು ಕೋಲಿನೆಸ್ಟರೇಸ್ ವರದಿ, ಊಟದ ಪಟ್ಟಿಯ ಫೋಟೋ ಇಷ್ಟನ್ನೂ ಜೋಡಿಸಿ ಪತ್ರದ ಮೇಲೆ ಪತ್ರ ಬರೆದ ಮೇಲೆ, ಕರ್ತವ್ಯದ ವೇಳೆಯ ಅಸ್ವಸ್ಥತೆ ಎಂದು ಬದಲಿಸಿದರು. ಕಾರಣದ ಕಾಲಂನಲ್ಲಿ 'ನಿರ್ಧರಿಸಲಾಗಿಲ್ಲ' ಎಂದೇ ಇದೆ. ಕಂಪನಿಯ ವೈದ್ಯರು ಫಿಟ್ ಎಂದು ಬರೆದ ಮೇಲೆ ನಾನು ಹಾರಾಟಕ್ಕೆ ಮರಳಿದೆ. ಈಗ ವರ್ಷಕ್ಕೊಮ್ಮೆ, ಮೈಯಲ್ಲಿ ಏನೂ ತೊಂದರೆ ಇಲ್ಲದ ಹೊತ್ತಿನಲ್ಲಿ, ನನ್ನದೇ ಖರ್ಚಿನಲ್ಲಿ ಕೋಲಿನೆಸ್ಟರೇಸ್ ಮಾಡಿಸಿಟ್ಟುಕೊಳ್ಳುತ್ತೇನೆ. ಜೊತೆಗಿರುವವರಿಗೂ ಹೇಳುತ್ತೇನೆ, ಕೆಲವರು ಮಾಡಿಸಿದ್ದಾರೆ. 2023ರಲ್ಲಿ ಹಲವು ದೇಶಗಳ ವೈದ್ಯರು ಮತ್ತು ವಿಜ್ಞಾನಿಗಳು ಸೇರಿ, ಆವಿ ಕುಡಿದ ಸಿಬ್ಬಂದಿಯನ್ನು ಹೇಗೆ ತಪಾಸಣೆ ಮಾಡಬೇಕೆಂಬ ಕ್ರಮವನ್ನು ಪ್ರಕಟಿಸಿದ್ದಾರೆ. ಅದರ ಮುದ್ರಿತ ಪ್ರತಿ ನನ್ನ ಬ್ಯಾಗಿನಲ್ಲಿದೆ. ತುರ್ತು ವಿಭಾಗದ ವೈದ್ಯರ ಕೈಗೆ ಅದನ್ನು ಕೊಟ್ಟರೆ ಅರ್ಧ ವಿವರಣೆ ಉಳಿಯುತ್ತದೆ.

ಕೇರಳದ ಹುಡುಗಿ ಹಾರಾಟಕ್ಕೆ ಮರಳಲಿಲ್ಲ. ಅವಳಿಗೆ ನೆಲದ ಮೇಲಿನ ಕೆಲಸ ಕೊಟ್ಟಿದ್ದಾರೆ, ಹಾರಾಟದ ಭತ್ಯೆ ಹೋಗಿ ಸಂಬಳ ಕುಸಿದಿದೆ. ಅವಳ ಪರಿಹಾರದ ಅರ್ಜಿ ಗಡುವಿನ ಒಳಗೇ ದಾಖಲಾಗಿದೆ. ಮುಂದಿನ ವಿಚಾರಣೆಗೆ ನಾನೂ ಲೀಡ್ ಕೂಡ ಸಾಕ್ಷಿಗಳು. ಫೋಟೋ ಸಾಲದು, ಕೈಬರಹದ ಮೂಲ ಪ್ರತಿಯನ್ನೇ ತನ್ನಿ ಎಂದು ವಕೀಲರು ಹೇಳಿದ್ದಾರೆ.